ಹೊಗೆಗೂಡಿನ ಗುಟ್ಟು ಬ್ಲಾಗಿಗೆ ಹೋದ ಮಳೆಗಾಲ

ಮೊನ್ನೆ ಹಳೆಯ ಬಾಯ್ಲರೊಂದನ್ನು ನೋಡಲು ರಾಮನಗರದ ರೈಲು ಹಳಿಯಾಚೆಯ ಓಣಿಗೆ ಹೋಗಿದ್ದೆ. ಪರಿಚಯದವರೊಬ್ಬರಿಗೆ ಸೆಕೆಂಡ್ ಹ್ಯಾಂಡ್ ಬೇಕಾಗಿತ್ತು, ಚೌಕಾಸಿಗೆ ನನ್ನನ್ನು ಕರೆದುಕೊಂಡು ಹೋಗಿದ್ದರು. ಹಳೆ ಸಾಮಾನು ಕೊಳ್ಳುವಾಗ ಬಾಯಿ ಬಿಡಬಾರದು. ಸುಮ್ಮನೆ ಅದರ ಸುತ್ತ ಎರಡು ಸುತ್ತು ಹಾಕಬೇಕು. ಮಾರುವವನಿಗೇ ಗಾಬರಿ ಹತ್ತಿ, ಎಲ್ಲೆಲ್ಲಿ ಬೆಸುಗೆ ಬಿಟ್ಟಿದೆ ಅಂತ ತಾನೇ ಹೇಳಲು ಶುರು ಮಾಡುತ್ತಾನೆ. ನಾನು ಎರಡನೇ ಸುತ್ತಿನಲ್ಲಿದ್ದೆ. ಪಕ್ಕದ ಫಿಲೇಚರಿನಲ್ಲಿ, ಅಂದರೆ ನೂಲು ಬಿಚ್ಚುವ ಶೆಡ್ಡಿನಲ್ಲಿ, ರೇಷ್ಮೆಗೂಡು ಬೇಯಿಸುತ್ತಿದ್ದರು. ಆ ವಾಸನೆಗೆ ಹೊರಗಿನವರು ಕರ್ಚೀಫು ಹುಡುಕುತ್ತಾರೆ, ರಾಮನಗರದಲ್ಲಿ ಇಪ್ಪತ್ತೈದು ವರ್ಷ ಕಳೆದ ನನ್ನಂಥವನಿಗೆ ಅದು ವಾಸನೆಯೇ ಅಲ್ಲ. ಆದರೆ ಅವತ್ತು ಒಲೆಗೆ ಹಸಿ ಸೌದೆ ತುರುಕಿದ್ದರು ಅಂತ ಕಾಣುತ್ತದೆ, ಬೆಂದ ಗೂಡಿನ ಜೊತೆಗೆ ಹೊಗೆಯೂ ಬಂತು. ಬಾಯಿಗೆ ಬಂದಿದ್ದ ರೇಟು ಬಾಯಲ್ಲೇ ನಿಂತಿತು.

ಎದುರಿಗಿದ್ದ ನೀಲಿ ಬಾಗಿಲು ಬಾಬಾಜಾನ್ ಸಾಬರದ್ದು. ಈಗ ಅಲ್ಲಿ ಕುಡಿಯುವ ನೀರಿನ ಕ್ಯಾನು ತುಂಬುತ್ತಾರೆ. ಎರಡು ವರ್ಷದ ಹಿಂದಿನ ಮಳೆಗಾಲದವರೆಗೆ ಒಳಗೆ ಬಿಸಿನೀರಿನ ಆರು ಬೇಸಿನ್ನಿನಲ್ಲಿ ರೇಷ್ಮೆ ನೂಲು ಬಿಚ್ಚುತ್ತಿದ್ದರು. ಅದು ನಿಂತುಹೋದದ್ದಕ್ಕೆ ಜನ ಹತ್ತು ಕಾರಣ ಹೇಳುತ್ತಾರೆ. ಅದರಲ್ಲಿ ಒಂದು ನನ್ನ ಬ್ಲಾಗು. ಇಷ್ಟು ದಿನ ಅದೊಂದನ್ನು ಬಿಟ್ಟು ಉಳಿದ ಒಂಬತ್ತನ್ನೂ ನಾನೇ ಹೇಳಿಕೊಂಡು ತಿರುಗಿದ್ದೇನೆ.

ನನ್ನ ಊರು ಮಾಗಡಿ ತಾಲ್ಲೂಕಿನ ತಿಪ್ಪಸಂದ್ರದ ಹತ್ತಿರ. ಪಿಯುಸಿ ಎರಡು ಸಲ ಫೇಲಾಗಿ, ಸೈಕಲ್ಲಿನ ಹಿಂದೆ ನಾಲ್ಕು ಚಂದ್ರಿಕೆ ಕಟ್ಟಿಕೊಂಡು ಹಳ್ಳಿ ಹಳ್ಳಿ ಮಾರಿದವನು. ಚಂದ್ರಿಕೆ ಅಂದರೆ ಹಣ್ಣಾದ ರೇಷ್ಮೆಹುಳು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿ. ಈಗ ಗೂಡಿನ ಮಾರುಕಟ್ಟೆ ಹತ್ತಿರ ಸ್ವಂತ ಅಂಗಡಿ ಇದೆ. ಚಂದ್ರಿಕೆ, ಸುಣ್ಣ, ಬ್ಲೀಚಿಂಗ್ ಪುಡಿ, ಬಲೆ, ಸೊಪ್ಪು ಕೊಯ್ಯುವ ಕತ್ತಿ, ಎಲ್ಲ ಸಿಗುತ್ತದೆ. ಬಂದ ರೈತರೆಲ್ಲ ಅದದೇ ಪ್ರಶ್ನೆ ಕೇಳುತ್ತಿದ್ದರು. ಸುಣ್ಣ ಯಾವಾಗ ಹಾಕಬೇಕು, ಹುಳ ಯಾಕೆ ಸೊಪ್ಪು ಮುಟ್ಟುತ್ತಿಲ್ಲ. ಒಂದೇ ಉತ್ತರ ನೂರು ಸಲ ಹೇಳಿ ಗಂಟಲು ಕಟ್ಟಿದ್ದಕ್ಕೆ ಅದನ್ನೇ ಬರೆದು ಇಂಟರ್ನೆಟ್ಟಿಗೆ ಹಾಕೋಣ ಅನ್ನಿಸಿತು. ಹಾಗೆ ಶುರುವಾಯಿತು. ದುಡ್ಡಿಲ್ಲದೆ ಸಿಗುವ ಬ್ಲಾಗು, ದುಡ್ಡಿಲ್ಲದೆ ಸಿಗುವ ಕನ್ನಡ ಕೀಬೋರ್ಡು. ನನ್ನ ಜೀವನದಲ್ಲಿ ಚೌಕಾಸಿ ಮಾಡದೆ ತೆಗೆದುಕೊಂಡದ್ದು ಅವೆರಡೇ. ಮಾಡಬೇಕಿತ್ತು ಅಂತ ಈಗ ಅನ್ನಿಸುತ್ತದೆ.

ಕೇಳದಿದ್ದರೂ ಹೇಳುತ್ತೇನೆ, ಬ್ಲಾಗು ಶುರು ಮಾಡುವವರು ತಿಳಿದುಕೊಂಡಿರಲಿ. ಹಿಂದಿನ ಬಣ್ಣ ಬಿಳಿ ಇಟ್ಟುಕೊಳ್ಳಿ. ಕಪ್ಪು ಬಣ್ಣ ಅಂಗಡಿಯ ನೆರಳಲ್ಲಿ ಚೆಂದ ಕಾಣುತ್ತದೆ, ಹೊಲದ ಬಿಸಿಲಿನಲ್ಲಿ ನಿಂತು ಓದುವವನಿಗೆ ಅವನ ಮುಖವೇ ಕಾಣುತ್ತದೆ. ಫೋಟೋ ಸಣ್ಣದು ಮಾಡಿ ಹಾಕಿ, ಹಳ್ಳಿಯಲ್ಲಿ ನೆಟ್‌ವರ್ಕು ಒಂದು ಕಡ್ಡಿ. ಬಾಯಲ್ಲಿ ಹೇಳಿ ಟೈಪು ಮಾಡಿಸುವುದು ಒಳ್ಳೆಯದೇ, ಅಂಗಡಿಯಲ್ಲಿ ಕೂತು ಮಾತ್ರ ಮಾಡಬೇಡಿ. ನಾನೊಂದು ಸಲ ಎಲೆಚುಕ್ಕಿ ರೋಗದ ಮೇಲೆ ಬರೆಸುತ್ತಿದ್ದಾಗ ಗಿರಾಕಿಯೊಬ್ಬ ತನ್ನ ಷಡ್ಡಕನನ್ನು ಬೈದದ್ದೆಲ್ಲ ಮಧ್ಯೆ ಸೇರಿಕೊಂಡು, ಎರಡು ದಿನ ಹಾಗೇ ಇತ್ತು. ಆ ಪೋಸ್ಟಿಗೆ ಬಂದಷ್ಟು ಮೆಚ್ಚುಗೆ ಮತ್ತಾವುದಕ್ಕೂ ಬರಲಿಲ್ಲ.

ಎಲ್ಲಕ್ಕಿಂತ ಮುಖ್ಯ, ಎಷ್ಟು ಜನ ಓದಿದರು ಅಂತ ತೋರಿಸುವ ಆ ಗೀಟಿನ ಪುಟ. ಅದನ್ನು ದಿನಕ್ಕೆ ಒಂದು ಸಲಕ್ಕಿಂತ ಹೆಚ್ಚು ತೆರೆಯಬೇಡಿ. ನಾನು ಇಪ್ಪತ್ತು ಸಲ ತೆರೆಯುತ್ತಿದ್ದೆ. ನನ್ನ ಹೆಂಡತಿ ಗೌರಮ್ಮ ಅನ್ನವಿಟ್ಟು ಕೂಗಿ ಕೂಗಿ ಸಾಕಾಗಿ, ಬಂದ ನೆಂಟರ ಎದುರಿಗೇ ಹೇಳುತ್ತಿದ್ದಳು: "ಎಂಬತ್ತು ಜನ ಓದವ್ರಂತೆ. ಆ ಎಂಬತ್ತು ಜನ ಬಂದು ಇವರಿಗೆ ಮುದ್ದೆ ಕಟ್ಟಿಕ್ತಾರಾ ಕೇಳಿ."

ಎಂಬತ್ತು. ಅದೇ ನನ್ನ ಲೆಕ್ಕ. ಒಳ್ಳೆಯ ದಿನ ನೂರ ಹತ್ತು.

ಬಾಬಾಜಾನ್ ಸಾಬರು ಆ ಎಂಬತ್ತರಲ್ಲಿ ಇರಲಿಲ್ಲ. ಬೆಳಿಗ್ಗೆ ಮಾರುಕಟ್ಟೆಗೆ ಹೋಗುವ ಮುಂಚೆ ನನ್ನ ಅಂಗಡಿಯ ಕಟ್ಟೆಯ ಮೇಲೆ ಕೂತು ಅರ್ಧ ಲೋಟ ಟೀ ಕುಡಿಯುತ್ತಿದ್ದರು. ನಾನು ಹೊಸ ಪೋಸ್ಟು ಓದಿ ಹೇಳುತ್ತಿದ್ದೆ. ತಪ್ಪಿದ್ದರೆ ತಿದ್ದುತ್ತಿದ್ದರು. ಬ್ಲಾಗಿನಲ್ಲಿ ಗೂಡಿನ ಬಗ್ಗೆ ನಾನು ಬರೆದ ಒಳ್ಳೆಯ ಮಾತುಗಳಲ್ಲಿ ಮುಕ್ಕಾಲು ಅವರ ಬಾಯಿಂದ ಬಂದವು. ಹೆಸರು ಹಾಕುತ್ತೇನೆ ಅಂದರೆ, "ಹೆಸರ್ಯಾಕೆ ರುದ್ರಣ್ಣ, ಅದ್ರಿಂದ ನೂಲ್ ಬಿಚ್ಚಕ್ಕಾಯ್ತದಾ?" ಅನ್ನುತ್ತಿದ್ದರು.

ಆ ವರ್ಷ ಮಳೆ ಬೇಗ ಹಿಡಿಯಿತು. ಆಷಾಢ ಹುಟ್ಟುವ ಮೊದಲೇ ಜಿಟಿಜಿಟಿ. ಗೂಡು ಕಟ್ಟುವ ಹೊತ್ತಿಗೆ ಗಾಳಿಯಲ್ಲಿ ತೇವ ಇದ್ದರೆ ನೂಲು ಅಂಟಿಕೊಂಡು, ಬಿಚ್ಚುವಾಗ ಹೆಜ್ಜೆ ಹೆಜ್ಜೆಗೂ ಕಿತ್ತುಹೋಗುತ್ತದೆ. ಅಂಥ ಗೂಡು ಕೊಂಡು ನೂಲು ತೆಗೆಯಲು ಹೊರಟ ರೀಲರು ಮುಗಿದ. ಓಣಿಯಲ್ಲಿ ಒಂದೊಂದೇ ಒಲೆ ಆರುತ್ತಿತ್ತು. ಬಾಬಾಜಾನರ ಆರು ಬೇಸಿನ್ ಮಾತ್ರ ಓಡುತ್ತಿದ್ದವು. ಅದೂ ಉಳಿದವರು ಕಾಲಲ್ಲೂ ಮುಟ್ಟದ ಮಂಕು ಬಣ್ಣದ ಗೂಡಿನಿಂದ. ಜನ ಅದಕ್ಕೆ ಮಂತ್ರ, ತಾಯತ, ಏನೇನೋ ಹೇಳುತ್ತಿದ್ದರು.

ಒಂದು ಬೆಳಿಗ್ಗೆ ನಾನೇ ಅವರ ಹಿಂದೆ ಮಾರುಕಟ್ಟೆಗೆ ಹೋದೆ. ಜಾಲರಿಗಳಲ್ಲಿ ಲಾಟು ಲಾಟಾಗಿ ಗೂಡು ಹರಡಿತ್ತು. ಈಗ ಹರಾಜು ಫೋನಿನಲ್ಲೇ, ರೀಲರುಗಳು ಲಾಟಿನ ನಂಬರು ನೋಡಿ ರೇಟು ಒತ್ತುತ್ತಾರೆ. ಬಾಬಾಜಾನ್ ಒಂದು ಹಿಡಿ ಗೂಡು ತೆಗೆದರು, ಕಿವಿಯ ಹತ್ತಿರ ಅಲ್ಲಾಡಿಸಿದರು. ಅದು ಎಲ್ಲರೂ ಮಾಡುವುದೇ. ಆಮೇಲೆ ಟವೆಲಿನಿಂದ ಮೂಗು ಒರೆಸಿಕೊಳ್ಳುವವರ ಹಾಗೆ ಆ ಮುಷ್ಟಿಯನ್ನು ಮುಖದ ಹತ್ತಿರ ತಂದರು. ಮುಂದಿನ ಎರಡು ಲಾಟಿಗೂ ಹಾಗೇ ಮಾಡಿದರು. ನಾನು ಇಪ್ಪತ್ತೈದು ವರ್ಷ ಬೇರೆಯವರ ಕೈಯನ್ನೇ ನೋಡಿ ಬದುಕಿದವನು. ನನ್ನ ಕಣ್ಣಿಗೆ ಅದು ತಪ್ಪಲಿಲ್ಲ.

"ಸಾಬ್ರೇ, ಮೂಸಿ ನೋಡಿದ್ರಿ" ಅಂದೆ.

"ಸುಮ್ಕಿರಪ್ಪ. ಶೀತ ಆಗೈತೆ."

"ಮೂರ್ ಲಾಟಿಗೂ ಶೀತ ಆಯ್ತಾ?"

ಅವರು ನಕ್ಕರು. ಮಾರುಕಟ್ಟೆಯಲ್ಲಿ ಹೇಳಲಿಲ್ಲ. ಫಿಲೇಚರಿಗೆ ಕರೆದುಕೊಂಡು ಹೋಗಿ, ಅವರ ಮನೆಯವರು ನೂರ್ ಜಹಾನಮ್ಮ ಬೇಸಿನ್ನಿನಿಂದ ತೇವದ ಕೈ ಎತ್ತಿ ನನಗೆ ಸ್ಟೂಲು ತೋರಿಸಿದ ಮೇಲೆ ಹೇಳಿದರು. ಕೂಟಗಲ್ ಕಡೆ ಕೆಲವು ಮನೆಗಳಲ್ಲಿ ಮಳೆಗಾಲದಲ್ಲಿ ಚಂದ್ರಿಕೆ ಇಟ್ಟ ಕೋಣೆಗೆ ಕೆಂಡದ ಬಾಣಲಿ ಇಡುತ್ತಾರೆ. ಅದು ಹಳೆಯ ಪದ್ಧತಿ. ಹೊಗೆಗೆ ಗೂಡಿನ ಮೇಲ್ಬಣ್ಣ ಮಂಕಾಗುತ್ತದೆ. ಕೆಟ್ಟ ಗೂಡು ಅಂತ ರೀಲರುಗಳು ರೇಟು ಇಳಿಸುತ್ತಾರೆ. ಆದರೆ ಕೆಂಡದ ಬಿಸಿಗೆ ತೇವ ಆರಿರುತ್ತದಲ್ಲ, ಆ ನೂಲು ಬಿಸಿಲುಗಾಲದ ಗೂಡಿನ ಹಾಗೆ ಬಿಚ್ಚಿಕೊಳ್ಳುತ್ತದೆ. ಬಣ್ಣ ಮಂಕಾಗಿರಬೇಕು, ಹೊಗೆಯ ವಾಸನೆ ಇರಬೇಕು. ಎರಡೂ ಇದ್ದರೆ ತೆಗೆದುಕೋ. ಅಷ್ಟೇ ಗುಟ್ಟು. ಅವರ ತಂದೆ ಅವರಿಗೆ ಹೇಳಿದ್ದು.

ಮಾರನೆಯ ದಿನ ಬರೆದೇಬಿಟ್ಟೆ. ಅಷ್ಟು ಚೆನ್ನಾಗಿ ನಾನು ಹಿಂದೆಂದೂ ಬರೆದಿರಲಿಲ್ಲ. ಟೀ ಹೊತ್ತಿನಲ್ಲಿ ಓದಿ ಹೇಳಿದೆ. ಬಾಬಾಜಾನ್ ಲೋಟ ಕೆಳಗಿಟ್ಟರು.

"ಇದನ್ನ ಹಾಕ್ಬೇಡಿ ರುದ್ರಣ್ಣ."

"ನಿಮ್ ಹೆಸ್ರಿಲ್ಲ ಸಾಬ್ರೇ. ಊರ್ ಹೆಸ್ರೂ ತೆಗೀತೀನಿ."

"ಹೆಸರಲ್ಲ ಕಣಪ್ಪ. ಈ ಮಳೇಲಿ ನನ್ನ ಒಲೆ ಉರೀತಿರೋದೇ ಈ ಗೂಡಿಂದ. ಎಲ್ಲಾರೂ ಮೂಸಕ್ ಶುರು ಮಾಡಿದ್ರೆ ನಾನ್ ಬಾಗ್ಲಾಕ್ಬೇಕು. ಎಂಟು ಹೆಂಗಸ್ರು ಕೆಲಸ ಮಾಡ್ತವ್ರೆ. ದಸರಾ ಆಗ್ಲಿ, ಬಿಸಿಲು ಬೀಳ್ಲಿ. ಆಮೇಲೆ ಏನ್ ಬೇಕಾದ್ರೂ ಬರ್ಕೊಳ್ಳಿ, ನಾನೇ ಇನ್ನೂ ನಾಕ್ ಹೇಳ್ತೀನಿ."

"ಆಯ್ತು. ದಸರಾ ಆದ್ಮೇಲೆ."

ಕೈ ಮೇಲೆ ಕೈ ಇಟ್ಟೆ. ನಮ್ಮ ವ್ಯಾಪಾರದಲ್ಲಿ ಅದಕ್ಕಿಂತ ದೊಡ್ಡ ಕಾಗದ ಇಲ್ಲ.

ಇಲ್ಲಿ ನನ್ನದೊಂದು ಅಭ್ಯಾಸ ಹೇಳಬೇಕು. ಮಳೆಗಾಲದಲ್ಲಿ ಕರೆಂಟು ನಂಬುವ ಹಾಗಿಲ್ಲ, ನೆಟ್‌ವರ್ಕೂ ಇಲ್ಲ. ಅದಕ್ಕೆ ನಾನು ಮೊದಲೇ ಎಂಟು ಹತ್ತು ಪೋಸ್ಟು ಬರೆದು, ಒಂದೊಂದಕ್ಕೂ ಒಂದು ಸೋಮವಾರದ ತಾರೀಖು ಕೊಟ್ಟು ಸಾಲಾಗಿ ನಿಲ್ಲಿಸಿರುತ್ತಿದ್ದೆ. ಆ ದಿನ ಬಂದರೆ ಅದು ತಾನಾಗಿ ಪ್ರಕಟವಾಗುತ್ತದೆ. ನಾನು ಸುಣ್ಣ ತೂಗುತ್ತಿರಬಹುದು, ಮದುವೆ ಊಟಕ್ಕೆ ಕೂತಿರಬಹುದು, ಬ್ಲಾಗು ತನ್ನ ಪಾಡಿಗೆ ನಡೆಯುತ್ತಿರುತ್ತದೆ. ಒಳ್ಳೆಯ ಉಪಾಯ, ಈಗಲೂ ಅದನ್ನೇ ಹೇಳುತ್ತೇನೆ. ಹೊಗೆಗೂಡಿನ ಪೋಸ್ಟನ್ನೂ ಬರೆದ ದಿನವೇ ಸಾಲಿಗೆ ಸೇರಿಸಿದ್ದೆ, ಮೂರನೆಯ ಸೋಮವಾರಕ್ಕೆ.

ಅದು ಹೋಯಿತು.

ಮೊದಲ ದಿನ ಎಂಬತ್ತು. ಎರಡನೆಯ ದಿನ ಮುನ್ನೂರು. ನಾಲ್ಕನೆಯ ದಿನ ಗೀಟು ಪುಟದಿಂದ ಆಚೆ ಹಾರಿ ಹೋಗುವ ಹಾಗೆ ಎದ್ದಿತ್ತು. ಲಿಂಕು ಕೈಯಿಂದ ಕೈಗೆ ಹೋಗಿತ್ತು. ಅದು ಸಾಲದೆಂದು ಯಾರೋ ಪುಣ್ಯಾತ್ಮ ಪೋಸ್ಟಿನ ಸ್ಕ್ರೀನ್‌ಶಾಟ್ ತೆಗೆದು, ಮೇಲಿದ್ದ ನನ್ನ ಬ್ಲಾಗಿನ ಹೆಸರು ಕತ್ತರಿಸಿ, ರೈತರ ವಾಟ್ಸಾಪ್ ಗುಂಪುಗಳಿಗೆಲ್ಲ ಹಂಚಿದ್ದ. ಹೂವಿನ ಬಾರ್ಡರ್ ಬೇರೆ ಹಾಕಿದ್ದ. ನನ್ನ ಅಂಗಡಿಗೆ ಬಂದ ರೈತನೇ ನನಗೆ ತೋರಿಸಿ, "ಓದ್ರಣ್ಣ, ನಿಮ್ಗೂ ಉಪ್ಯೋಗ ಆಯ್ತದೆ" ಅಂದ. ನಾನು ಓದುವವನ ಹಾಗೆ ಓದಿದೆ. ನನಗೆ ಆಗ ಹೊಟ್ಟೆ ಉರಿದದ್ದು ಬಾಬಾಜಾನರಿಗಾಗಿ ಅಲ್ಲ, ಕತ್ತರಿಸಿ ಹಾಕಿದ ನನ್ನ ಹೆಸರಿಗಾಗಿ. ಬರೆಯುವ ಚಟ ಅಂದರೆ ಇದು.

ಬಾಬಾಜಾನ್ ಬುಧವಾರ ಬಂದಿರಲಿಲ್ಲ, ಗುರುವಾರವೂ ಇಲ್ಲ. ಶುಕ್ರವಾರ ನಮಾಜು ಮುಗಿಸಿ ಬಂದವರು ಕಟ್ಟೆಯ ಮೇಲೆ ಕೂರಲಿಲ್ಲ. ಮಾರುಕಟ್ಟೆಯಲ್ಲಿ ಇನ್ನೊಬ್ಬ ರೀಲರು ಫೋನು ಹಿಡಿದು ಅವರ ಎದುರಿಗೇ ಓದಿ ನಕ್ಕಿದ್ದನಂತೆ.

"ಏನ್ ರುದ್ರಣ್ಣ" ಅಂದರು. ಅಷ್ಟೇ.

"ಸಾಬ್ರೇ, ದೇವ್ರಾಣೆಗೂ ನಾನ್ ಹಾಕ್ಲಿಲ್ಲ. ಮೊದ್ಲೇ ತಾರೀಖ್ ಕೊಟ್ಬುಟ್ಟಿದ್ದೆ. ಬದಲಾಯ್ಸದು ಮರ್ತೋಯ್ತು, ಅದೇ ಹೋಗ್ಬುಟ್ಟೈತೆ."

"ಅದೇ ಹೋಯ್ತಾ?"

"ಫೋನ್ ಅದೇ ಕಳಿಸ್ಬುಡ್ತದೆ ಸಾಬ್ರೇ, ನಿಮ್ಗೆ ಹೆಂಗ್ ಹೇಳದು…"

"ಪಾಪ, ಫೋನಿಗೇನ್ ಗೊತ್ತು. ನಾವ್ ಹೇಳಿದ್ನೇ ಅದು ಹೇಳ್ತದೆ." ನನ್ನ ಕೈಯಲ್ಲಿದ್ದ ಫೋನು ನೋಡಿ ಕೇಳಿದರು, "ಈಗ ತೆಗೆಯಕ್ಕಾಯ್ತದಾ?"

ತೆಗೆಯಬಹುದಿತ್ತು. ಒಂದು ಗುಂಡಿ ಒತ್ತಿದರೆ ಆಗಿಹೋಗುತ್ತಿತ್ತು. ನಾನೇನು ಹೇಳಿದೆ ಗೊತ್ತೇ? ಈಗಾಗಲೇ ಊರೆಲ್ಲ ಹರಡಿದೆ ಸಾಬ್ರೇ, ತೆಗೆದರೂ ಏನೂ ಉಪಯೋಗವಿಲ್ಲ ಅಂದೆ. ಅದು ನಿಜವೂ ಹೌದು. ಆದರೆ ಅವತ್ತು ಬೆಳಿಗ್ಗೆಯಷ್ಟೇ ಗೀಟು ಎರಡು ಸಾವಿರ ದಾಟಿತ್ತು.

ಅವರು ಜಗಳ ಮಾಡಲಿಲ್ಲ. "ಬತ್ತೀನಿ" ಅಂದು ಹೊರಟರು. ನಾಲ್ಕು ಮಾತು ಆಡಿ ಹೋಗಿದ್ದರೆ ನಾನೂ ಎರಡು ಆಡಿ ಸರಿಮಾಡಿಕೊಳ್ಳುತ್ತಿದ್ದೆ. ಮಾತಿನಲ್ಲಿ ನನ್ನನ್ನು ಗೆದ್ದವರು ಕಡಿಮೆ. ಅದು ಅವರಿಗೆ ಗೊತ್ತಿತ್ತು.

ನನಗೆ ನಾನು ಸಮಾಧಾನ ಹೇಳಿಕೊಂಡೆ. ಒಬ್ಬ ರೀಲರಿಗೆ ನಷ್ಟವಾದರೇನಾಯಿತು, ನೂರು ರೈತರಿಗೆ ಲಾಭವಾಯಿತಲ್ಲ! ಕಾಣುವ ಹಾಗೆಯೂ ಇತ್ತು. ಹೊಗೆಗೂಡಿನ ರೈತರು ಮೊದಲ ರೇಟಿಗೆ ಒಪ್ಪದೆ ಹರಾಜಿನ ಎರಡನೆಯ ಸುತ್ತಿಗೆ ಕಾಯುತ್ತಿದ್ದರು. ಕೂಟಗಲ್ ಕಡೆಯ ಮಾದಪ್ಪ ಅನ್ನುವವನು ಇಷ್ಟಗಲ ಹಲಸಿನ ಹಣ್ಣು ಹೊತ್ತು ತಂದು ಅಂಗಡಿಯಲ್ಲಿಟ್ಟ. ಅದನ್ನು ಬರೆದವನು ನಾನು ಅಂತ ಅವನಿಗೆ ಹೇಗೋ ಗೊತ್ತಾಗಿತ್ತು. "ನಮ್ಮಪ್ಪನ ಕಾಲ್ದಿಂದ ಕೆಂಡ ಇಕ್ಕಿ ಬೈಸ್ಕಂಡಿದ್ವಿ ಕಣಣ್ಣ. ಈಗ ರೀಲರ್‌ಗಳೇ ಬಂದು ಮೂಸ್ತಾವ್ರೆ, ಮದ್ವೆ ಮನೆ ಸಾರು ಮೂಸ್ದಂಗೆ." ಹಣ್ಣು ಕೊಯ್ದು ಓಣಿಗೆಲ್ಲ ಹಂಚಿದೆ.

ಇಪ್ಪತ್ತು ದಿನ ಹಾಗೆ ನಡೆಯಿತು.

ಆಮೇಲೆ ಯಾರು ಮೊದಲು ಶುರು ಮಾಡಿದರೋ ಗೊತ್ತಿಲ್ಲ. ಚಂದ್ರಿಕೆಯಿಂದ ಬಿಡಿಸಿದ ಗೂಡಿಗೆ, ತಣ್ಣಗೆ ತೇವದಲ್ಲಿ ಕಟ್ಟಿದ ಗೂಡಿಗೆ, ಮಾರುಕಟ್ಟೆಗೆ ಹೊರಡುವ ಹಿಂದಿನ ದಿನ ಹಸಿ ಸೌದೆ ಹೊಗೆ ಹಾಕಿದರು. ಬಣ್ಣ ಮಂಕಾಯಿತು, ವಾಸನೆಯೂ ಹತ್ತಿತು. ಕೆಂಡದ ಬಿಸಿ ಗೂಡಿನ ತೇವ ಆರಿಸುತ್ತದೆ ಅನ್ನುವುದನ್ನು ನಾನು ಐದನೆಯ ಪ್ಯಾರಾದಲ್ಲಿ ಬರೆದಿದ್ದೆ. ಸ್ಕ್ರೀನ್‌ಶಾಟು ಮೂರನೆಯ ಪ್ಯಾರಾಕ್ಕೇ ಮುಗಿದಿತ್ತು. ಹೊಗೆ ವಾಸನೆ ಇದ್ದರೆ ಒಳ್ಳೆಯ ರೇಟು ಅನ್ನುವುದಷ್ಟೇ ಊರೂರು ಸುತ್ತಿತು. ಶ್ರಾವಣದ ಹೊತ್ತಿಗೆ ಮಾರುಕಟ್ಟೆಗೆ ಕಾಲಿಟ್ಟರೆ ಬೀಡಿ ಕಾರ್ಖಾನೆಗೆ ಹೋದಂತಿತ್ತು. ಯಾವ ಗೂಡಿನ ಹೊಗೆ ನಿಜ, ಯಾವುದರದ್ದು ಸುಳ್ಳು, ಮೂಗಿಗೆ ತಿಳಿಯುವ ಹಾಗಿರಲಿಲ್ಲ. ರೀಲರುಗಳು ಎರಡು ಸಲ ಕೈ ಸುಟ್ಟುಕೊಂಡು, ಹೊಗೆ ವಾಸನೆಯ ಲಾಟು ಅಂದರೆ ನಂಬರು ಕೂಡ ಒತ್ತಲಿಲ್ಲ. ಮಾದಪ್ಪನ ನಿಜವಾದ ಹೊಗೆಗೂಡಿಗೂ ಹಿಂದೆ ಸಿಗುತ್ತಿದ್ದುದಕ್ಕಿಂತ ಕಡಿಮೆ ಸಿಕ್ಕಿತು. ಅವನು ಮತ್ತೆ ಅಂಗಡಿಗೆ ಬಂದ. ಹಲಸಿನ ಹಣ್ಣು ತಂದಿರಲಿಲ್ಲ.

"ಅಣ್ಣ, ನೀವ್ ಬರೀದೆ ಇದ್ದಿದ್ರೆ ಆ ಸಾಬ್ರಾದ್ರೂ ತಗೊಳ್ತಿದ್ರು" ಅಂದ.

ಆ ಸಾಬರು ತೆಗೆದುಕೊಂಡಿದ್ದರು. ಹದಿನೈದು ದಿನ ಒಳ್ಳೆಯ ಗೂಡು ಸಿಗದೆ ಬೇಸಿನ್ ನಿಲ್ಲಿಸಿದ್ದ ಬಾಬಾಜಾನ್, ತಮ್ಮ ಮೂಗನ್ನೇ ನಂಬಿ ಮೂರು ಲಾಟು ಒಟ್ಟಿಗೆ ಹಿಡಿದರು. ಮೂರೂ ಸುಳ್ಳು ಹೊಗೆ. ಸುದ್ದಿ ಕೇಳಿ ನಾನು ಓಡಿ ಹೋದಾಗ ನೂರ್ ಜಹಾನಮ್ಮ ಬಿಸಿನೀರಿನಲ್ಲಿ ಕೈಯಿಟ್ಟು ಎಳೆ ಹುಡುಕುತ್ತಿದ್ದರು. ಎಳೆ ಸಿಕ್ಕಿ, ಎರಡು ಸುತ್ತು ಸುತ್ತಿ, ಪಟ್ ಅಂತ ಕಿತ್ತುಹೋಗುತ್ತಿತ್ತು. ಮತ್ತೆ ಹುಡುಕಬೇಕು, ಮತ್ತೆ ಪಟ್. ಉಳಿದ ಬೇಸಿನ್ನುಗಳ ಹೆಂಗಸರೂ ಅದನ್ನೇ ಮಾಡುತ್ತಿದ್ದರು. ಬಾಬಾಜಾನ್ ಮೂಲೆಯಲ್ಲಿ ಗೂಡಿನ ಮೂಟೆಯ ಮೇಲೆ ಕೂತಿದ್ದರು. ನನ್ನನ್ನು ನೋಡಿ, "ಬನ್ನಿ, ಟೀ ಹೇಳ್ಲಾ?" ಅಂದರು. ಬೇಡ ಅಂದೆ. ನೂರ್ ಜಹಾನಮ್ಮ ನೀರಿನಿಂದ ಕೈ ತೆಗೆಯದೆ, ತಲೆ ಎತ್ತದೆ ಕೇಳಿದರು: "ಇದನ್ನೂ ಬರೀತೀರಾ ಅಣ್ಣ?"

ಅವತ್ತು ಮನೆಗೆ ಬಂದು ಪೋಸ್ಟು ಅಳಿಸಿದೆ. ಯಾರಿಗೂ ಗೊತ್ತಾಗಲಿಲ್ಲ. ಯಾಕೆ ಕಾಣುತ್ತಿಲ್ಲ ಅಂತ ಒಬ್ಬರೂ ಕೇಳಲಿಲ್ಲ.

ದಸರಾ ಬರುವಷ್ಟರಲ್ಲಿ ನೀಲಿ ಬಾಗಿಲಿಗೆ ಬೀಗ ಬಿತ್ತು. ಬಿಸಿಲು ಆಮೇಲೆ ಬಂತು, ಚೆನ್ನಾಗಿಯೇ ಬಂತು.

ಇದನ್ನು ಓದಿದ ಬ್ಲಾಗು ಗೆಳೆಯರು, ತಾರೀಖು ಕೊಟ್ಟು ಸಾಲು ನಿಲ್ಲಿಸುವ ಅಭ್ಯಾಸವೇ ತಪ್ಪು ಅಂತ ಹೇಳುತ್ತಾರೆ, ಗೊತ್ತು. ನಾನೂ ಎರಡು ವರ್ಷ, ಬ್ಲಾಗಿನ ಮಾತು ತೆಗೆದವರಿಗೆಲ್ಲ ಹಾಗೇ ಹೇಳಿದ್ದೇನೆ. ಮರೆತುಹೋಯಿತು, ಅದೇ ಹೋಗಿಬಿಟ್ಟಿತು, ಯಂತ್ರ ನೋಡಿ. ಗೌರಮ್ಮನಿಗೂ ಹಾಗೇ ಹೇಳಿದ್ದೇನೆ. ಅದು ಸುಳ್ಳು. ಆ ಸೋಮವಾರದ ಹಿಂದಿನ ಭಾನುವಾರ, ಅಂಗಡಿಗೆ ರಜ, ಮನೆಯ ಜಗಲಿಯಲ್ಲಿ ಕೂತು ನಾನು ಸಾಲನ್ನು ತೆರೆದು ನೋಡಿದ್ದೆ. ಹೊಗೆಗೂಡು ಮುಂದೆಯೇ ನಿಂತಿತ್ತು, ನಾಳೆಯ ತಾರೀಖು ಹೊತ್ತು. ಬೆರಳು ಅದರ ಮೇಲೆ ಇಟ್ಟೆ. ಅದರ ಹಿಂದೆ ಇದ್ದದ್ದು ಸುಣ್ಣದ ಮೇಲೆ ಬರೆದ ಸಪ್ಪೆ ಪೋಸ್ಟು. ಎಂಬತ್ತು ಜನ ತಾನೆ ಓದುವುದು, ಅದರಲ್ಲಿ ರೀಲರು ಎಷ್ಟು ಜನ ಇರುತ್ತಾರೆ ಅಂದುಕೊಂಡೆ. ಬೆರಳು ತೆಗೆದೆ. ಫೋನು ಮಡಿಲಲ್ಲಿಟ್ಟು, ಕಡಲೆಕಾಯಿ ಸುಲಿದು ತಿಂದೆ. ಅಷ್ಟು ದೊಡ್ಡ ಮಾತನ್ನು ಅಷ್ಟು ಕಡಿಮೆಗೆ ನಾನು ಬೇರೆ ಯಾವತ್ತೂ ಬಿಟ್ಟುಕೊಟ್ಟಿಲ್ಲ.

ಬಾಯ್ಲರಿನ ವ್ಯಾಪಾರ ಕುದುರಲಿಲ್ಲ. ಪರಿಚಯದವರನ್ನು ಬಸ್ಸು ಹತ್ತಿಸಿ ಮಾರುಕಟ್ಟೆಯ ಒಳಗಿನಿಂದ ಅಂಗಡಿಗೆ ಬರುತ್ತಿದ್ದೆ. ಹರಾಜಿಗೆ ಇನ್ನೂ ಸ್ವಲ್ಪ ಹೊತ್ತಿತ್ತು. ಬಾಬಾಜಾನ್ ಅಲ್ಲಿದ್ದರು. ಈಗ ಅವರು ಕನಕಪುರದ ಕಡೆಯ ಒಂದು ದೊಡ್ಡ ಫಿಲೇಚರಿಗೆ ಗೂಡು ಆರಿಸಿಕೊಡುವ ಕೆಲಸದಲ್ಲಿದ್ದಾರೆ. ಸಂಬಳಕ್ಕೆ. ಜಾಲರಿಯ ಮೇಲೆ ಬಗ್ಗಿ ಒಂದು ಹಿಡಿ ಗೂಡು ಎತ್ತಿಕೊಂಡವರು ನನ್ನನ್ನು ಕಂಡರು.

"ಹೆಂಗಿದ್ದೀರ ರುದ್ರಣ್ಣ, ಅಂಗಡಿ ಚೆಂದಾಗ್ ನಡೀತೈತಾ?"

"ನಡೀತೈತೆ ಸಾಬ್ರೇ. ನೂರ್ ಜಹಾನಮ್ಮ ಹೆಂಗವ್ರೆ?"

"ಇದ್ದಾಳೆ, ಮಂಡಿ ನೋವು. ಮಳೆ ಒಸಿ ಕಮ್ಮಿ ಅಲ್ವಾ ಈ ಸಲ?"

"ಕಮ್ಮಿನೇ."

ಮಾತಿನಲ್ಲಿ ಏನೂ ಕೊರತೆ ಇರಲಿಲ್ಲ. ಕಣ್ಣೂ ತಪ್ಪಿಸಲಿಲ್ಲ. ಆದರೆ ಮಾತಾಡುತ್ತಲೇ ಆ ಹಿಡಿ ಗೂಡನ್ನು ಮೆಲ್ಲಗೆ ಜಾಲರಿಗೆ ಸುರಿದು, ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿ ನಿಂತರು. ಹರಾಜಿನ ಗಂಟೆ ಹೊಡೆಯಿತು, ಸುತ್ತಲಿನವರೆಲ್ಲ ಗೂಡಿನ ಮೇಲೆ ಬಗ್ಗಿದರು. ಅವರು ಬಗ್ಗಲಿಲ್ಲ. ನಾನು ಹೊರಡಲಿ ಅಂತ ಕಾಯುತ್ತಿದ್ದರು. ಗೇಟಿನ ಹತ್ತಿರ ಬಂದು ತಿರುಗಿ ನೋಡಿದೆ. ಇನ್ನೂ ಹಾಗೇ ನಿಂತಿದ್ದರು, ಕೈ ಬೆನ್ನ ಹಿಂದೆ, ಮುಖ ನನ್ನ ಕಡೆ.